ಹಳ್ಳಿ ರಸ್ತೆ ಅಗಲವಾಗಬೇಕಾದರೆ ಹಣ ಯಾವ ದಾರಿಯಲ್ಲಿ ಬರುತ್ತದೆ?

ನಮ್ಮ ಉತ್ತರ ಕನ್ನಡ ಜಿಲ್ಲೆಯ ಶಿರಸಿ, ಸಿದ್ದಾಪುರ, ಯಲ್ಲಾಪುರ ಕಡೆಯ ಯಾವ ಗ್ರಾಮಸಭೆಗೆ ಹೋದರೂ ಒಂದು ಬೇಡಿಕೆ ಇದ್ದೇ ಇರುತ್ತದೆ: ‘ನಮ್ಮೂರ ರಸ್ತೆ ಅಗಲ ಮಾಡಿಕೊಡಿ.’ ಅರ್ಜಿ ಬರೆಯುತ್ತಾರೆ, ಊರವರೆಲ್ಲ ಸಹಿ ಹಾಕುತ್ತಾರೆ, ಶಾಸಕರಿಗೊಂದು, ಸಂಸದರಿಗೊಂದು, ಉಸ್ತುವಾರಿ ಸಚಿವರಿಗೊಂದು ಪ್ರತಿ ಹೋಗುತ್ತದೆ. ಕೆಲವು ತಿಂಗಳ ಮೇಲೆ ಉತ್ತರ ಬಂದರೆ ಅದು ಹೆಚ್ಚುಕಡಿಮೆ ಒಂದೇ ವಾಕ್ಯ: ‘ಅನುದಾನದ ಲಭ್ಯತೆಯನ್ನು ಆಧರಿಸಿ ಮುಂದಿನ ಕ್ರಮ ಕೈಗೊಳ್ಳಲಾಗುವುದು.’

ಇದನ್ನು ಓದಿದವರು ಸರಕಾರದ ಬಳಿ ದುಡ್ಡಿಲ್ಲ ಎಂದುಕೊಂಡು ಸುಮ್ಮನಾಗುತ್ತಾರೆ. ದುಡ್ಡು ಕಮ್ಮಿ ಇರುವುದು ಸುಳ್ಳೇನಲ್ಲ. ಆದರೆ ಬಹಳಷ್ಟು ಅರ್ಜಿಗಳು ದುಡ್ಡಿನ ಪ್ರಶ್ನೆಯವರೆಗೆ ತಲುಪುವುದೇ ಇಲ್ಲ. ರಸ್ತೆ ಯಾರದ್ದು, ಅಪಾಯ ಯಾವ ಜಾಗದಲ್ಲಿ, ಅಲ್ಲಿ ಎಷ್ಟು ಅಗಲ ಬೇಕು, ಆ ನೆಲ ಯಾರ ಹೆಸರಿನಲ್ಲಿದೆ ಎಂಬುದು ಬರೆದಿರದ ಅರ್ಜಿಯನ್ನು ಯಾವ ಯೋಜನೆಯೊಳಗೂ ಕೂರಿಸಲು ಬರುವುದಿಲ್ಲ. ಎಂಟು ಕಿಲೋಮೀಟರ್ ಅಗಲ ಮಾಡಿ ಎಂದು ಕೇಳಿದ ಊರಿಗೆ ಏನೂ ಸಿಗದೆ, ಮೂರು ತಿರುವು ಮತ್ತು ಒಂದು ಮೋರಿಯನ್ನು ಮಾತ್ರ ಸರಿಮಾಡಿ ಎಂದು ಕೇಳಿದ ಊರಿಗೆ ಕೆಲಸವಾಗುವುದು ಇದೇ ಕಾರಣಕ್ಕೆ.

ಮೊದಲು ರಸ್ತೆಯ ಒಡೆಯ ಯಾರು ನೋಡಿ

ನಮ್ಮ ಜಿಲ್ಲೆಯಲ್ಲಿ ಕರಾವಳಿಗುಂಟ ಹೋಗುವ 66, ಅಂಕೋಲಾ–ಯಲ್ಲಾಪುರ–ಹುಬ್ಬಳ್ಳಿಯ 52, ಕುಮಟಾ–ಶಿರಸಿ–ಹಾವೇರಿಯ 766ಇ, ಹೊನ್ನಾವರದಿಂದ ಗೇರುಸೊಪ್ಪೆ ಘಟ್ಟ ಹತ್ತುವ 69 ರಾಷ್ಟ್ರೀಯ ಹೆದ್ದಾರಿಗಳು. ಇವುಗಳ ಹಣ, ವಿನ್ಯಾಸ ಎಲ್ಲ ಕೇಂದ್ರದ ಹೆದ್ದಾರಿ ಸಚಿವಾಲಯದ ಮೂಲಕ ಬರಬೇಕು. ರಾಜ್ಯ ಹೆದ್ದಾರಿಗಳು ಮತ್ತು ಜಿಲ್ಲಾ ಮುಖ್ಯ ರಸ್ತೆಗಳು ಲೋಕೋಪಯೋಗಿ ಇಲಾಖೆಯವು. ಉಳಿದ ಊರೊಳಗಿನ, ಊರಿಂದೂರಿಗೆ ಹೋಗುವ ರಸ್ತೆಗಳು ಪಂಚಾಯತ್ ರಾಜ್ ವ್ಯವಸ್ಥೆಯವು. ಅವನ್ನು ನೋಡಿಕೊಳ್ಳುವುದು ಪಂಚಾಯತ್ ರಾಜ್ ಇಂಜಿನಿಯರಿಂಗ್ ಇಲಾಖೆ. ಇವಲ್ಲದೆ ಅರಣ್ಯ ಇಲಾಖೆ ತನ್ನ ಓಡಾಟಕ್ಕೆ ಮಾಡಿಕೊಂಡ ದಾರಿಗಳೂ ಇವೆ. ಊರಿನವರು ತಲೆಮಾರಿನಿಂದ ಓಡಾಡಿದರೂ ದಾಖಲೆಯಲ್ಲಿ ಅವು ಕಾಡಿನೊಳಗಿನ ದಾರಿಗಳಾಗಿಯೇ ಉಳಿದಿರುತ್ತವೆ.

ತೊಡಕು ಏನೆಂದರೆ ನಮ್ಮ ಕಣ್ಣಿಗೆ ಒಂದೇ ಆಗಿ ಕಾಣುವ ರಸ್ತೆ ಕಾಗದದಲ್ಲಿ ಎರಡೋ ಮೂರೋ ಆಗಿರಬಹುದು. ಹೆದ್ದಾರಿಯ ಕ್ರಾಸಿನಿಂದ ಶಾಲೆಯವರೆಗೆ ಜಿಲ್ಲಾ ಮುಖ್ಯ ರಸ್ತೆ, ಶಾಲೆಯಿಂದ ದೇವಸ್ಥಾನದವರೆಗೆ ಪಂಚಾಯ್ತಿ ರಸ್ತೆ, ಮುಂದೆ ಕೊನೆಯ ಕೇರಿಯವರೆಗೆ ಅರಣ್ಯದ ದಾರಿ. ಮೂರಕ್ಕೂ ಸೇರಿಸಿ ಒಂದೇ ಅರ್ಜಿ ಕೊಟ್ಟರೆ ಲೋಕೋಪಯೋಗಿಯವರು ಪಂಚಾಯತ್ ರಾಜ್‌ನತ್ತ, ಅವರು ಅರಣ್ಯದವರತ್ತ ಕೈ ತೋರಿಸುತ್ತಾರೆ. ಮೂವರು ಹೇಳುವುದೂ ನಿಯಮದ ಪ್ರಕಾರ ಸರಿಯೇ.

ತಿಳಿದುಕೊಳ್ಳುವುದು ಕಷ್ಟವಲ್ಲ. ತಾಲೂಕಿನ ಉಪವಿಭಾಗದ ಸಹಾಯಕ ಕಾರ್ಯನಿರ್ವಾಹಕ ಇಂಜಿನಿಯರ್ ಕಚೇರಿಯಲ್ಲಿ ರಸ್ತೆಗಳ ಪಟ್ಟಿ ಇರುತ್ತದೆ. ಬಾಯಿಮಾತಿನಲ್ಲಿ ಹೇಳಿದ್ದು ಸಾಲದು. ಹತ್ತು ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನಡಿ ಕೇಳಿದರೆ 30 ದಿನದೊಳಗೆ ಲಿಖಿತ ಉತ್ತರ ಕೊಡಬೇಕು. ರಸ್ತೆಯ ವರ್ಗ, ಸಂಖ್ಯೆ, ಉದ್ದ, ದಾಖಲೆಯಲ್ಲಿರುವ ಅಗಲ, ಕೊನೆಯದಾಗಿ ಯಾವ ವರ್ಷ ಯಾವ ಲೆಕ್ಕಶೀರ್ಷಿಕೆಯಲ್ಲಿ, ಅಂದರೆ ಬಜೆಟ್ಟಿನ ಯಾವ ಖಾತೆಯಲ್ಲಿ ಕೆಲಸವಾಗಿದೆ ಎಂಬಿಷ್ಟನ್ನು ಕೇಳಿ. ಕೇಂದ್ರದ ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯ ಹಣ ಬೇಕಾದರೆ ರಸ್ತೆ ಜಿಲ್ಲಾ ಗ್ರಾಮೀಣ ರಸ್ತೆ ಯೋಜನೆಯ ಪಟ್ಟಿಯಲ್ಲಿ ಇದೆಯೇ ಎಂಬುದನ್ನೂ ಕೇಳಿ. ಆ ಪಟ್ಟಿಯಲ್ಲಿ ಹೆಸರಿಲ್ಲದ ರಸ್ತೆ ಎಷ್ಟೇ ಕೆಟ್ಟಿದ್ದರೂ ದಿಲ್ಲಿಗೆ ಕಾಣುವುದಿಲ್ಲ.

ಪಂಚಾಯ್ತಿ ರಸ್ತೆಯನ್ನು ಜಿಲ್ಲಾ ಮುಖ್ಯ ರಸ್ತೆಯಾಗಿ ಮೇಲ್ದರ್ಜೆಗೇರಿಸಿ ಎಂದು ಕೇಳುವವರೂ ಇದ್ದಾರೆ. ಎರಡು ಮೂರು ಪಂಚಾಯ್ತಿಗಳನ್ನು ದಾಟಿ ಹೋಗುವ, ಬಸ್ಸು ಓಡುವ ರಸ್ತೆಯಾದರೆ ಅದು ಒಳ್ಳೆಯ ದಾರಿ. ಲೋಕೋಪಯೋಗಿಯ ಅನುದಾನ ದೊಡ್ಡದು. ಒಂದೇ ಊರಿನಲ್ಲಿ ಕೊನೆಯಾಗುವ ರಸ್ತೆಗೆ ಈ ಹಟ ಹಿಡಿದರೆ ವರ್ಷಗಳು ಕಳೆಯುತ್ತವೆ.

ಎಷ್ಟು ಅಗಲ ಬೇಕು?

ಗ್ರಾಮೀಣ ರಸ್ತೆಗಳಲ್ಲಿ ಸಾಮಾನ್ಯವಾಗಿ ಡಾಂಬರಿನ ಅಗಲ 3.75 ಮೀಟರ್. ವಾಹನ ತೀರ ಕಡಿಮೆ ಇರುವಲ್ಲಿ 3 ಮೀಟರಿಗೂ ಇಳಿಸುತ್ತಾರೆ. ಮುಂದಿನ ಹಂತ 5.5 ಮೀಟರ್, ಅದರ ಮೇಲೆ 7 ಮೀಟರಿನ ಎರಡು ಪಥ. ಅಂಚು ಸೇರಿ ರಸ್ತೆಯ ಒಟ್ಟು ಮೈ ಬಯಲುಸೀಮೆಯಲ್ಲಿ 7.5 ಮೀಟರ್, ಗುಡ್ಡಗಾಡಿನಲ್ಲಿ 6 ಮೀಟರ್ ಇರಬೇಕೆಂಬುದು ಭಾರತೀಯ ರಸ್ತೆ ಕಾಂಗ್ರೆಸ್ಸಿನ ಗ್ರಾಮೀಣ ರಸ್ತೆ ಕೈಪಿಡಿಯ ಲೆಕ್ಕ.

ಈಗ ಬಸ್ಸಿನ ಅಗಲ ನೋಡೋಣ. ಕಾನೂನು ಒಪ್ಪುವ ಗರಿಷ್ಠ ಅಗಲ 2.6 ಮೀಟರ್. 3.75 ಮೀಟರಿನ ರಸ್ತೆಯಲ್ಲಿ ಬಸ್ಸು ನಿಂತರೆ ಉಳಿಯುವುದು 1.15 ಮೀಟರ್. ಎದುರಿಗೆ ಕಾರು ಬಂದರೆ ಒಬ್ಬರ ಎರಡು ಚಕ್ರ ಡಾಂಬರಿನಿಂದ ಕೆಳಗಿಳಿಯಲೇಬೇಕು. ಅಂದರೆ ಹಳ್ಳಿ ರಸ್ತೆಯಲ್ಲಿ ಪ್ರತಿ ಸಲ ಸೈಡು ಕೊಡುವಾಗಲೂ ವಾಹನ ನಂಬುವುದು ರಸ್ತೆಯ ಅಂಚನ್ನು. ಮಳೆಗಾಲದಲ್ಲಿ ಕೊಚ್ಚಿಹೋಗುವುದು, ಮರುಡಾಂಬರೀಕರಣವಾದಾಗಲೆಲ್ಲ ಅರ್ಧ ಅಡಿ ಕೆಳಗುಳಿಯುವುದು ಅದೇ ಅಂಚು. ಶಾಲಾ ವಾಹನ ಗದ್ದೆಗೆ ಮಗುಚುವುದು, ಬೈಕಿನವರು ಅಗಳಕ್ಕೆ ಬೀಳುವುದು ಇಲ್ಲಿಂದಲೇ. ಎರಡೂ ಬದಿಗೆ ಒಂದೊಂದು ಮೀಟರ್ ಗಟ್ಟಿ ಅಂಚು ಕಟ್ಟಿ, ಗಟಾರ ತೋಡಿ ನೀರನ್ನು ಅತ್ತ ತಿರುಗಿಸಿದರೆ ಡಾಂಬರನ್ನು ಒಂದಿಂಚೂ ಅಗಲಿಸದೆ ಆ ರಸ್ತೆಯ ಅರ್ಧ ಅಪಾಯ ಕಳೆಯುತ್ತದೆ ಎಂಬುದು ನನ್ನ ಲೆಕ್ಕ. ಅಂಚಿನ ಕೆಲಸಕ್ಕೆ ಉದ್ಘಾಟನೆಯ ಫಲಕ ನೆಡುವ ಹಾಗಿಲ್ಲವಾದ್ದರಿಂದ ಅದನ್ನು ಕೇಳುವವರೂ ಕಡಿಮೆ, ಕೊಡುವವರೂ ಕಡಿಮೆ.

ಎರಡನೆಯದು ತಿರುವು. ಗಂಟೆಗೆ 40 ಕಿ.ಮೀ. ವೇಗದ ವಾಹನ ಅಡ್ಡ ಬಂದದ್ದನ್ನು ಕಂಡು ಬ್ರೇಕ್ ಹಾಕಿ ನಿಲ್ಲಲು 45 ಮೀಟರ್ ಕಾಣಬೇಕು. ಒಂದೇ ಪಥದ ರಸ್ತೆಯಲ್ಲಿ ಎದುರಿನವನೂ ಅದೇ ಪಟ್ಟಿಯ ಮೇಲೆ ಬರುತ್ತಾನೆ, ಅವನಿಗೂ ನಿಲ್ಲಲು ಜಾಗ ಬೇಕು. ಆದ್ದರಿಂದ ಇಬ್ಬರಿಗೂ ಸೇರಿ 90 ಮೀಟರ್ ಕಾಣಬೇಕಾಗುತ್ತದೆ. ಘಟ್ಟದ ಮೇಲಿನ ನಮ್ಮ ರಸ್ತೆಗಳಲ್ಲಿ ಧರೆ (ರಸ್ತೆ ಬದಿಯ ಮಣ್ಣಿನ ದಿಬ್ಬ), ಮಟ್ಟಿ, ಬಿದಿರು ಹಿಂಡು ಸೇರಿ ಮೂವತ್ತು ಮೀಟರ್ ಕಂಡರೆ ಪುಣ್ಯ. ತಿರುವಿನ ಒಳಬದಿಯ ಧರೆಯನ್ನು ಕಣ್ಣಿನ ಎತ್ತರಕ್ಕೆ ಸ್ವಲ್ಪ ಸವರಿ, ಪೊದೆ ಕಡಿದು, ತಿರುವಿನಲ್ಲಷ್ಟೇ ಅಗಲ ಹೆಚ್ಚಿಸುವುದಕ್ಕೆ ಕೆಲವು ಲಕ್ಷ ಸಾಕು. ಇಂಜಿನಿಯರುಗಳೂ ತಿರುವಿಗೆ ಹೆಚ್ಚುವರಿ ಅಗಲ ಕೊಡಬೇಕೆಂದೇ ಓದಿರುತ್ತಾರೆ, ಉದ್ದ ವಾಹನದ ಹಿಂದಿನ ಚಕ್ರ ಒಳಕ್ಕೆ ಎಳೆಯುತ್ತದೆ ಎಂಬ ಕಾರಣಕ್ಕೆ.

ಮೂರನೆಯದು ಸೈಡು ಕೊಡುವ ಜಾಗ. ಗುಡ್ಡಗಾಡು ರಸ್ತೆಗಳ ಮಾನದಂಡದಲ್ಲೇ ಇದು ಇದೆ: ಒಂದೇ ಪಥದ ರಸ್ತೆಯಲ್ಲಿ ಕಿಲೋಮೀಟರಿಗೆ ಎರಡೋ ಮೂರೋ ಕಡೆ, ಇಪ್ಪತ್ತು ಮೂವತ್ತು ಮೀಟರ್ ಉದ್ದಕ್ಕೆ, ಇನ್ನೊಂದು ವಾಹನ ನಿಲ್ಲುವಷ್ಟು ಅಗಲಿಸುವುದು. ಈ ಪದವನ್ನು ಅರ್ಜಿಯಲ್ಲಿ ಬರೆದವರನ್ನು ನಾನು ಕಂಡಿಲ್ಲ. ನಾಲ್ಕು ಕಿ.ಮೀ. ರಸ್ತೆಗೆ ಹತ್ತು ಕಡೆ ಇಂಥ ಜಾಗ ಮಾಡಿದರೆ ಅಗಲಿಸಬೇಕಾದ ಉದ್ದ ಒಟ್ಟು 300 ಮೀಟರ್. ಹಣ, ಮರ, ನೆಲ ಎಲ್ಲದರ ಲೆಕ್ಕವೂ ಅಲ್ಲೇ ಹತ್ತನೇ ಒಂದಂಶಕ್ಕಿಂತ ಕೆಳಗಿಳಿಯಿತು.

ಪೂರ್ತಿ ಅಗಲ ಬೇಡವೇ ಬೇಡ ಎನ್ನುತ್ತಿಲ್ಲ. ಏಕಪಥದ ರಸ್ತೆ ದಿನಕ್ಕೆ ಸುಮಾರು 2,000 ಕಾರುಗಳಿಗೆ ಸಮನಾದ ಸಂಚಾರವನ್ನು ತಾಳುತ್ತದೆ, 5.5 ಮೀಟರಿನದು 6,000 ತಾಳುತ್ತದೆ ಎಂದು ಬಯಲುಸೀಮೆಗೆ ಹಾಕಿದ ಲೆಕ್ಕವಿದೆ. ಘಟ್ಟದಲ್ಲಿ ಅದಕ್ಕೂ ಕಡಿಮೆ. ಈ ಲೆಕ್ಕದಲ್ಲಿ ಬಸ್ಸು ಲಾರಿಗಳು ಮೂರು ಕಾರಿಗೆ ಸಮ, ಬೈಕು ಅರ್ಧ ಕಾರು, ಟ್ರೈಲರ್ ಕಟ್ಟಿದ ಟ್ರ್ಯಾಕ್ಟರ್ ನಾಲ್ಕೂವರೆ. ನಿಮ್ಮ ರಸ್ತೆ ಆ ಮಿತಿಯ ಹತ್ತಿರ ಹೋಗಿದ್ದರೆ ಅಗಲೀಕರಣಕ್ಕೆ ಬಲವಾದ ಕಾರಣ ಸಿಕ್ಕಂತೆ.

ಅಗಲವೇ ಸುರಕ್ಷತೆಯಲ್ಲ ಎನ್ನಲು ನಮ್ಮ ಜಿಲ್ಲೆಯಲ್ಲೇ ಸಾಕ್ಷಿಯಿದೆ. 2025ರ ಜನವರಿ 22ರಂದು ಯಲ್ಲಾಪುರ ತಾಲೂಕಿನ ಗುಳ್ಳಾಪುರದ ಬಳಿ ತರಕಾರಿ ಲಾರಿ ಕಣಿವೆಗೆ ಉರುಳಿ ಹತ್ತು ಮಂದಿ ಸತ್ತರು. ಅದು ಹಳ್ಳಿ ರಸ್ತೆಯಲ್ಲ, ರಾಷ್ಟ್ರೀಯ ಹೆದ್ದಾರಿ. ಇನ್ನೊಂದು ವಾಹನಕ್ಕೆ ದಾರಿ ಬಿಡಲು ಎಡಕ್ಕೆ ಸರಿದಾಗ ಲಾರಿ ಜಾರಿತು, ಅಲ್ಲಿ ತಡೆಗೋಡೆ ಇರಲಿಲ್ಲ ಎಂದು ಪೊಲೀಸರು ಆಗ ಹೇಳಿದ್ದರು. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಕುಸಿದದ್ದು ಚತುಷ್ಪಥಕ್ಕಾಗಿ ಕಡಿದ ಗುಡ್ಡ. ವರ್ಷಕ್ಕೆ ಮೂರು ಸಾವಿರ ಮಿ.ಮೀ. ಆಸುಪಾಸು ಮಳೆ ಸುರಿಯುವ ಸೀಮೆಯಲ್ಲಿ ಗುಡ್ಡದ ಬುಡವನ್ನು ನೆಟ್ಟಗೆ ಕಡಿದು ರಸ್ತೆ ಅಗಲಿಸಿದರೆ, ತಡೆಗೋಡೆಯ ಖರ್ಚು ಅಂದಾಜು ಪಟ್ಟಿಯಲ್ಲಿ ಇರಲೇಬೇಕು. ಅದನ್ನು ಬಿಟ್ಟು ಮಾಡಿದ ಕಡಿಮೆ ದರದ ಅಂದಾಜು ಮುಂದಿನ ಆಷಾಢದಲ್ಲಿ ಧರೆಯಾಗಿ ರಸ್ತೆಯ ಮೇಲೆ ಬಂದು ಬೀಳುತ್ತದೆ.

ದುಡ್ಡು ಎಲ್ಲೆಲ್ಲಿದೆ?

ಒಂದು ಕಿ.ಮೀ. ರಸ್ತೆಗೆ ಎಷ್ಟು ಬೇಕು ಎಂಬ ಅಂದಾಜಿನಿಂದ ಶುರುಮಾಡೋಣ. ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯ ಮೂರನೇ ಹಂತ 2019ರಲ್ಲಿ ಮಂಜೂರಾದಾಗ 1.25 ಲಕ್ಷ ಕಿ.ಮೀ.ಗೆ 80,250 ಕೋಟಿ ರೂಪಾಯಿ ಇಟ್ಟರು. ಕಿ.ಮೀ.ಗೆ ಸುಮಾರು 64 ಲಕ್ಷ ಬಿತ್ತು. 2024ರಲ್ಲಿ ಒಪ್ಪಿಗೆ ಪಡೆದ ನಾಲ್ಕನೇ ಹಂತದಲ್ಲಿ 62,500 ಕಿ.ಮೀ.ಗೆ 70,125 ಕೋಟಿ. ಅಂದರೆ ಕಿ.ಮೀ.ಗೆ 1.12 ಕೋಟಿ. ಇದು ದೇಶದ ಸರಾಸರಿ. ಮೋರಿ, ತಡೆಗೋಡೆ, ಬಂಡೆ ಒಡೆಯುವ ಕೆಲಸ ಇರುವ ನಮ್ಮ ಕಡೆ ಹೆಚ್ಚೇ ಆಗುತ್ತದೆ.

ಶಾಸಕರ ಪ್ರದೇಶಾಭಿವೃದ್ಧಿ ನಿಧಿ ವರ್ಷಕ್ಕೆ 2 ಕೋಟಿ. ಶಿರಸಿ ಕ್ಷೇತ್ರವೆಂದರೆ ಅದರಲ್ಲಿ ಸಿದ್ದಾಪುರವೂ ಸೇರಿತು. ಎರಡು ತಾಲೂಕಿನ ಶಾಲೆ ಕೊಠಡಿ, ಸಮುದಾಯ ಭವನ, ಕಾಲುಸಂಕ ಎಲ್ಲಕ್ಕೂ ಸೇರಿ ಇರುವ ಹಣ ಒಂದೂಮುಕ್ಕಾಲು ಕಿ.ಮೀ. ರಸ್ತೆಗೆ ಮುಗಿಯುತ್ತದೆ. ಸಂಸದರ ನಿಧಿ ವರ್ಷಕ್ಕೆ 5 ಕೋಟಿ. ಉತ್ತರ ಕನ್ನಡ ಲೋಕಸಭಾ ಕ್ಷೇತ್ರಕ್ಕೆ ಖಾನಾಪುರ, ಕಿತ್ತೂರು ಸೇರಿ ಎಂಟು ವಿಧಾನಸಭಾ ಕ್ಷೇತ್ರಗಳು, ಸಮ ಹಂಚಿದರೆ ತಲಾ 62.5 ಲಕ್ಷ. ಹೀಗಿರುವಾಗ ‘ಶಾಸಕರ ನಿಧಿಯಿಂದ ಆರು ಕಿ.ಮೀ. ಅಗಲ ಮಾಡಿಸಿಕೊಡಿ’ ಎಂದರೆ ಅವರು ಹೂಂ ಎನ್ನಬಹುದಷ್ಟೇ. ಈ ನಿಧಿಗಳು ಒಂದು ತಿರುವು, ಒಂದು ಮೋರಿಯ ಅಗಲೀಕರಣ, ಇನ್ನೂರು ಮೀಟರ್ ತಡೆಗೋಡೆಯಂಥ ಕೆಲಸಕ್ಕೆ ಹೇಳಿಮಾಡಿಸಿದವು. ಶಾಸಕರೋ ಸಂಸದರೋ ಶಿಫಾರಸು ಮಾಡುತ್ತಾರೆ, ಮಂಜೂರು ಮಾಡುವುದು ಜಿಲ್ಲಾಡಳಿತ. ಕೆಲಸವನ್ನು ಪಂಚಾಯತ್ ರಾಜ್, ನಿರ್ಮಿತಿ ಕೇಂದ್ರ ಇಲ್ಲವೇ ಹಳಬರು ಇನ್ನೂ ಭೂಸೇನೆ ಎಂದೇ ಕರೆಯುವ ಸರಕಾರಿ ನಿಗಮ ಕೆಆರ್‌ಐಡಿಎಲ್‌ಗೆ ಕೊಡುತ್ತಾರೆ.

ಶಾಸಕರಿಗೆ ಇರುವ ದೊಡ್ಡ ಶಕ್ತಿ ಅವರ ನಿಧಿಯಲ್ಲ, ಬಜೆಟ್. ಇಲಾಖೆಯವರ ಮಾತಿನಲ್ಲಿ ಎರಡು ಸಂಖ್ಯೆಗಳು ಮತ್ತೆ ಮತ್ತೆ ಬರುತ್ತವೆ: 3054 ಮತ್ತು 5054. ಮೊದಲನೆಯದು ರಸ್ತೆ ಸೇತುವೆಗಳ ನಿರ್ವಹಣೆಯ ಲೆಕ್ಕಶೀರ್ಷಿಕೆ, ಎರಡನೆಯದು ಬಂಡವಾಳ ವೆಚ್ಚದ್ದು. ಹೊಂಡ ಮುಚ್ಚುವುದು, ಅಂಚು ತುಂಬುವುದು 3054ರಲ್ಲಿ ಆಗುತ್ತದೆ. ಅಗಲೀಕರಣ 5054ಕ್ಕೆ ಸೇರಿದ್ದು. ಲೋಕೋಪಯೋಗಿ ರಸ್ತೆಯಾದರೆ ಕಾಮಗಾರಿಯ ಹೆಸರು ಬಜೆಟ್ಟಿನ ‘ಅಪೆಂಡಿಕ್ಸ್-ಇ’ ಪಟ್ಟಿಗೆ ಸೇರಿತೇ ಎಂದು ಕೇಳಿ. ಭಾಷಣದಲ್ಲಿ ಘೋಷಣೆಯಾಗಿ ಈ ಪಟ್ಟಿಗೆ ಸೇರದ ರಸ್ತೆಗೆ ಆ ವರ್ಷ ಕಾಸು ಬರುವುದು ಕಷ್ಟ. ಪೆಟ್ರೋಲು ಡೀಸೆಲ್ಲಿನ ಮೇಲಿನ ಸೆಸ್ಸಿನಿಂದ ನಡೆಯುವ ಕೇಂದ್ರ ರಸ್ತೆ ಮತ್ತು ಮೂಲಸೌಕರ್ಯ ನಿಧಿಯಿಂದಲೂ ರಾಜ್ಯ ಹೆದ್ದಾರಿ, ಜಿಲ್ಲಾ ಮುಖ್ಯ ರಸ್ತೆಗಳಿಗೆ ಕೆಲಸ ಬರುತ್ತದೆ. ಪಂಚಾಯ್ತಿ ರಸ್ತೆಗೆ ಅದನ್ನು ನೇರವಾಗಿ ಕೇಳಿ ಪ್ರಯೋಜನವಿಲ್ಲ.

ಗ್ರಾಮ ಸಡಕ್ ಯೋಜನೆಯ ಬಗ್ಗೆ ಜನರಲ್ಲಿ ಬಹಳ ಗೊಂದಲವಿದೆ. 2000ದ ಡಿಸೆಂಬರಿನಲ್ಲಿ ಶುರುವಾದ ಯೋಜನೆಗೆ ಈಗ ಕರ್ನಾಟಕದಂಥ ರಾಜ್ಯಗಳಲ್ಲಿ ಕೇಂದ್ರ 60, ರಾಜ್ಯ 40 ಪಾಲು ಹಾಕುತ್ತವೆ. ಇರುವ ರಸ್ತೆಯನ್ನು ಮೇಲ್ದರ್ಜೆಗೇರಿಸುವುದು ಮೂರನೇ ಹಂತದ ಗುರಿಯಾಗಿತ್ತು. ಮಾರುಕಟ್ಟೆ, ಪ್ರೌಢಶಾಲೆ, ಆಸ್ಪತ್ರೆಗೆ ಊರುಗಳನ್ನು ಜೋಡಿಸುವ ರಸ್ತೆಗಳಿಗೆ ಅಂಕ ಕೊಟ್ಟು ಆರಿಸುತ್ತಿದ್ದರು. ನಾಲ್ಕನೇ ಹಂತ ಹಾಗಲ್ಲ. ಸರ್ವಋತು ರಸ್ತೆಯೇ ಇಲ್ಲದ 25,000 ಜನವಸತಿಗಳಿಗೆ ಹೊಸ ಸಂಪರ್ಕ ಕೊಡುವುದಕ್ಕಾಗಿ ಅದು ಇದೆ. ಡಾಂಬರು ಕಂಡ ರಸ್ತೆಯನ್ನು ಅಗಲ ಮಾಡಿ ಎಂದು ಅದರಡಿ ಕೇಳುವುದು ಕಾಗದ ದಂಡ. ಇನ್ನೊಂದು ಮಾತು: ಈ ಯೋಜನೆಯಲ್ಲಿ ಭೂಸ್ವಾಧೀನಕ್ಕೆ ಒಂದು ಪೈಸೆಯೂ ಇಲ್ಲ. ಜಾಗ ರಾಜ್ಯ ಕೊಡಬೇಕು ಅಥವಾ ಊರವರು ಬಿಡಬೇಕು.

ನಬಾರ್ಡ್ ದುಡ್ಡು ಎಂದು ಎಲ್ಲರೂ ಹೇಳುವುದು 1995–96ರಲ್ಲಿ ಹುಟ್ಟಿದ ಗ್ರಾಮೀಣ ಮೂಲಸೌಕರ್ಯ ಅಭಿವೃದ್ಧಿ ನಿಧಿಯನ್ನು. ಅದು ಅನುದಾನವಲ್ಲ, ರಾಜ್ಯ ಸರಕಾರ ತೆಗೆದುಕೊಳ್ಳುವ ಸಾಲ. ರಸ್ತೆ ಸೇತುವೆಗಳಿಗೆ ವೆಚ್ಚದ ಶೇ. 80ರಷ್ಟು ಸಿಗುತ್ತದೆ, ಉಳಿದದ್ದನ್ನು ರಾಜ್ಯ ಹಾಕಬೇಕು. ಆದ್ದರಿಂದ ಹಣಕಾಸು ಇಲಾಖೆ ಒಪ್ಪಿದ ಪಟ್ಟಿಯಲ್ಲಿ ಹೆಸರಿರಬೇಕು, ಅಂದರೆ ಮತ್ತೆ ಇಲಾಖೆಯ ಮೂಲಕವೇ ಹೋಗಬೇಕು. ನದಿಗೆ ಅಡ್ಡ ಸೇತುವೆ, ಅದರ ಎರಡೂ ಕಡೆಯ ರಸ್ತೆ, ಹೀಗೆ ಒಂದು ಪೂರ್ತಿ ಕೆಲಸಕ್ಕೆ ಇದು ಚೆನ್ನಾಗಿ ಒದಗುತ್ತದೆ.

ಸಣ್ಣ ತೊರೆಗಳೂ ಇವೆ. ಮಲೆನಾಡು ಪ್ರದೇಶಾಭಿವೃದ್ಧಿ ಮಂಡಳಿ, ಕರಾವಳಿ ಅಭಿವೃದ್ಧಿ ಪ್ರಾಧಿಕಾರಗಳು ಕಾಲುಸಂಕ, ತುಂಡು ರಸ್ತೆಗಳಿಗೆ ಕೊಡುತ್ತವೆ. ಹಣಕಾಸು ಆಯೋಗದ ಅನುದಾನ ನೇರ ಗ್ರಾಮ ಪಂಚಾಯ್ತಿಗೆ ಬರುತ್ತದೆ. ಹದಿನೈದನೆಯ ಆಯೋಗ ಅದರಲ್ಲಿ ಶೇ. 60ನ್ನು ನೀರು ನೈರ್ಮಲ್ಯಕ್ಕೆ ಕಟ್ಟಿಹಾಕಿ 40ನ್ನು ಮುಕ್ತವಾಗಿ ಬಿಟ್ಟಿತ್ತು. ಅಂಚು, ಗಟಾರ, ಬಾಗುಕನ್ನಡಿ, ಎಚ್ಚರಿಕೆ ಫಲಕಗಳಿಗೆ ಇಂಥ ಮುಕ್ತ ಹಣ ಸಾಕು. ಪರಿಶಿಷ್ಟ ಜಾತಿ, ಪಂಗಡದ ಕೇರಿಗೆ ಹೋಗುವ ರಸ್ತೆಯಾದರೆ ಉಪಯೋಜನೆಯ ಹಣ ಬೇರೆಯೇ ಇರುತ್ತದೆ. ನೆರೆ ಬಂದು ರಸ್ತೆ ಕೊಚ್ಚಿದಾಗ ಸಿಗುವ ವಿಪತ್ತು ಪರಿಹಾರ ನಿಧಿ ಮಾತ್ರ ಮೊದಲಿದ್ದ ಸ್ಥಿತಿಗೆ ತರುವುದಕ್ಕಷ್ಟೇ. ಅದರಲ್ಲೇ ಅಗಲ ಮಾಡಿಸಿಕೊಳ್ಳೋಣ ಎಂದರೆ ಲೆಕ್ಕಪರಿಶೋಧನೆಯಲ್ಲಿ ಇಂಜಿನಿಯರ್ ಸಿಕ್ಕಿಬೀಳುತ್ತಾರೆ.

ಎರಡು ಮೂರು ಕಡೆಯ ಹಣ ಕೂಡಿಸುವುದು ತಪ್ಪಲ್ಲ. ಆದರೆ ಒಂದೇ ಜಾಗಕ್ಕೆ ಎರಡು ಕಡೆಯ ಹಣ ಬರೆಯುವಂತಿಲ್ಲ. ಇಲಾಖೆಯವರು ಚೈನೇಜ್ ಎನ್ನುವ ಅಳತೆ, ಅಂದರೆ ರಸ್ತೆ ಶುರುವಾದಲ್ಲಿಂದ ಎಷ್ಟನೇ ಮೀಟರಿನಿಂದ ಎಷ್ಟನೇ ಮೀಟರಿನವರೆಗೆ ಎಂಬುದು, ಪ್ರತಿ ಅರ್ಜಿಯಲ್ಲೂ ಇದ್ದರೆ ಈ ರಗಳೆ ಬರುವುದಿಲ್ಲ.

ನೆಲದ ಪ್ರಶ್ನೆ

ಉತ್ತರ ಕನ್ನಡದಲ್ಲಿ ಮಂಜೂರಾದ ಹಣ ವಾಪಸು ಹೋಗುವುದಕ್ಕೆ ಮುಖ್ಯ ಕಾರಣ ಇದು. ಜಿಲ್ಲೆಯ ಸುಮಾರು ಶೇ. 80 ಭಾಗ ಕಾಗದದಲ್ಲಿ ಅರಣ್ಯ. ರಸ್ತೆಯ ಅಂಚಿನಿಂದಾಚೆಗೆ ಒಂದಡಿ ಇಟ್ಟರೆ ಅದು ಸರ್ವೆ ನಕಾಶೆಯಲ್ಲಿ ಕಾಡಾಗಿರುವ ಸಾಧ್ಯತೆಯೇ ಹೆಚ್ಚು. ಅಡಿಕೆ ತೋಟದವರು ತಲೆಮಾರುಗಳಿಂದ ಸೊಪ್ಪು ಕಡಿಯುವ ಬೆಟ್ಟವನ್ನು ‘ನಮ್ಮ ಬೆಟ್ಟ, ಬಿಟ್ಟುಕೊಡುತ್ತೇವೆ’ ಎಂದು ಗ್ರಾಮಸಭೆಯಲ್ಲಿ ಹೇಳುವುದುಂಟು. ಮನಸ್ಸು ದೊಡ್ಡದು, ಆದರೆ ಬೆಟ್ಟದಲ್ಲಿ ಅವರಿಗಿರುವುದು ಸವಲತ್ತು, ಮಾಲ್ಕಿಯಲ್ಲ. ಬಿಟ್ಟುಕೊಡುವ ಅಧಿಕಾರ ಅವರಿಗಿಲ್ಲ.

ಸಾಮಾನ್ಯ ದಾರಿ 1980ರ ಅರಣ್ಯ ಸಂರಕ್ಷಣಾ ಕಾಯ್ದೆಯದು. ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಜಾಲತಾಣದಲ್ಲಿ ಅರ್ಜಿ, ಬದಲಿ ಅರಣ್ಯೀಕರಣ, ಹೋಗುವ ಕಾಡಿನ ನಿವ್ವಳ ಮೌಲ್ಯದ ಪಾವತಿ, ಕೊನೆಗೆ ಕೇಂದ್ರದ ಒಪ್ಪಿಗೆ. ಹಳ್ಳಿ ರಸ್ತೆಯ ಅಂದಾಜಿನಲ್ಲಿ ಈ ಪಾವತಿಯನ್ನೇ ಬಿಟ್ಟಿರುತ್ತಾರೆ, ಆಮೇಲೆ ಹೊಂದಿಸಲು ಆಗುವುದಿಲ್ಲ. ಜೋಯಿಡಾ ಕಡೆ ಕಾಳಿ ಹುಲಿ ಸಂರಕ್ಷಿತ ಪ್ರದೇಶದೊಳಗೆ ಹೋಗುವ ರಸ್ತೆಯಾದರೆ ವನ್ಯಜೀವಿ ಮಂಡಳಿಯ ಹಂತವೂ ಸೇರುತ್ತದೆ.

ಇನ್ನೊಂದು ಸಣ್ಣ ಬಾಗಿಲು ಇದೆ. ಅರಣ್ಯ ಹಕ್ಕು ಕಾಯ್ದೆ, 2006 ಎಂದರೆ ನಮ್ಮಲ್ಲಿ ಅತಿಕ್ರಮಣ ಸಕ್ರಮದ ವಿಚಾರ ಎಂದಷ್ಟೇ ಗೊತ್ತು. ಅದರ 3(2)ನೇ ಕಲಂ ಶಾಲೆ, ಅಂಗನವಾಡಿ, ಕುಡಿಯುವ ನೀರು, ರಸ್ತೆ ಹೀಗೆ ಹದಿಮೂರು ಬಗೆಯ ಸರಕಾರಿ ಸೌಲಭ್ಯಗಳಿಗೆ ಅರಣ್ಯ ಭೂಮಿ ಕೊಡಲು ಅವಕಾಶ ಮಾಡಿದೆ. ಷರತ್ತು ಮೂರು. ಪ್ರತಿ ಪ್ರಕರಣದಲ್ಲೂ ನೆಲ ಒಂದು ಹೆಕ್ಟೇರಿಗಿಂತ ಕಡಿಮೆ ಇರಬೇಕು, ಹೆಕ್ಟೇರಿಗೆ 75ಕ್ಕಿಂತ ಹೆಚ್ಚು ಮರ ಕಡಿಯಬಾರದು, ಗ್ರಾಮಸಭೆ ಶಿಫಾರಸು ಮಾಡಿರಬೇಕು. ಇಲಾಖೆ ವಲಯ ಅರಣ್ಯಾಧಿಕಾರಿಗೆ ಅರ್ಜಿ ಕೊಟ್ಟರೆ ವಿಭಾಗದ ಉಪ ಅರಣ್ಯ ಸಂರಕ್ಷಣಾಧಿಕಾರಿಯ ಮಟ್ಟದಲ್ಲೇ ತೀರ್ಮಾನವಾಗುತ್ತದೆ, ಕೇಂದ್ರಕ್ಕೆ ಹೋಗಬೇಕಿಲ್ಲ.

ಒಂದು ಹೆಕ್ಟೇರ್ ಎಂದರೆ 10,000 ಚದರ ಮೀಟರ್. ಗಟಾರ, ಅಂಚು, ಧರೆಯ ಇಳಿಜಾರು ಸೇರಿ ಹೆಚ್ಚುವರಿ 4 ಮೀಟರ್ ಅಗಲ ಬೇಕು ಎನ್ನೋಣ. ಎರಡೂವರೆ ಕಿ.ಮೀ.ಗೆ ಮಿತಿ ಮುಗಿಯುತ್ತದೆ. ಪೂರ್ತಿ ರಸ್ತೆಗೆ ಸಾಲದಿದ್ದರೂ ತಿರುವು ಮತ್ತು ಸೈಡು ಜಾಗಗಳಿಗೆ ಧಾರಾಳವಾಯಿತು. ಸಣ್ಣದಾಗಿ ಕೇಳಿ ಎಂದು ಮೊದಲೇ ಹೇಳಿದ್ದಕ್ಕೆ ಈ ಕಲಮೂ ಒಂದು ಕಾರಣ. ಗ್ರಾಮಸಭೆಯ ಠರಾವಿಗೆ ಕನಿಷ್ಠ ಅರ್ಧದಷ್ಟು ಸದಸ್ಯರು ಹಾಜರಿರಬೇಕು ಎಂಬುದೇ ಇಲ್ಲಿ ಕಠಿಣ. ಅಡಿಕೆ ಕೊಯ್ಲಿನ ದಿನಗಳಲ್ಲಿ ಸಭೆ ಕರೆದರೆ ಕೋರಂ ಆಗುವುದಿಲ್ಲ.

ಖಾಸಗಿ ಜಾಗದ ಕತೆಯೇ ಬೇರೆ. ಮೊದಲು ಸರ್ವೆ ಮಾಡಿಸಿ ಹದ್ದುಬಸ್ತು (ಗಡಿ ಗುರುತು) ಹಾಕಿಸಿ. ನಕಾಶೆಯಲ್ಲಿ ರಸ್ತೆಗೆ ಬಿಟ್ಟ ಜಾಗವೇ ಈಗಿರುವುದಕ್ಕಿಂತ ಅಗಲ ಇದ್ದು, ಎರಡೂ ಬದಿಯವರ ಬೇಲಿ ವರ್ಷಕ್ಕೊಂದು ಗೇಣು ಮುಂದೆ ಬಂದಿರುವುದು ಅಪರೂಪವಲ್ಲ. ಅಂದಾಜಿಗೆ ಸರ್ವೆ ನಂಬರ್ ತೋರಿಸುವ ದಿಶಾಂಕ್ ಆ್ಯಪ್ ಸಾಕು, ದಾಖಲೆಗೆ ಸರ್ವೆಯೇ ಬೇಕು. ದಾನ ಕೊಡುವವರಿಂದ ಸಭೆಯಲ್ಲಿ ಬಾಯಿಮಾತಿನ ಒಪ್ಪಿಗೆ ಪಡೆದು ಬಿಡಬೇಡಿ, ನೋಂದಾಯಿತ ದಾನಪತ್ರ ಮಾಡಿಸಿ. ಪಾಲಾಗದ ಜಮೀನಾದರೆ ಬೆಂಗಳೂರಿನಲ್ಲಿರುವ ತಮ್ಮನ, ಮದುವೆಯಾಗಿ ಹೋದ ಅಕ್ಕನ ಸಹಿಯೂ ಬೇಕು. ಜೆಸಿಬಿ ಬಂದು ನಿಂತ ದಿನ ತಡೆಯಾಜ್ಞೆ ಬರುವುದು ಇಂಥ ಬಿಟ್ಟುಹೋದ ಸಹಿಯಿಂದ.

ಕುಮಟಾ, ಅಂಕೋಲಾ, ಕಾರವಾರದ ತಗ್ಗಿನಲ್ಲಿ ಕಾಡಿನ ತೊಂದರೆ ಕಡಿಮೆ, ಆದರೆ ರಸ್ತೆಗೆ ತಾಗಿಯೇ ಮನೆ, ಕಂಪೌಂಡು, ದೇವರ ಕಟ್ಟೆ. ಗಜನಿ (ಉಪ್ಪುನೀರು ನುಗ್ಗುವ ಗದ್ದೆ) ಬದಿಯ ರಸ್ತೆಯಾದರೆ ಕರಾವಳಿ ನಿಯಂತ್ರಣ ವಲಯದ ನಿಯಮವನ್ನು ನೋಡಬೇಕು. ಅಗಲ ಮಾಡುವಾಗ ಉಪ್ಪುನೀರು ಬಂದುಹೋಗುವ ತೂಬು, ಮೋರಿಗಳನ್ನು ಕಿರಿದು ಮಾಡಿದರೆ ಗದ್ದೆಯೂ ಹಾಳು, ರಸ್ತೆಯೂ ಹಾಳು.

ಅಪಾಯವನ್ನು ಕಾಗದಕ್ಕೆ ತರುವುದು

ಹೆದ್ದಾರಿಯವರ ಲೆಕ್ಕದಲ್ಲಿ ‘ಬ್ಲ್ಯಾಕ್ ಸ್ಪಾಟ್’ ಆಗಬೇಕಾದರೆ ಸುಮಾರು 500 ಮೀಟರಿನೊಳಗೆ ಮೂರು ವರ್ಷದಲ್ಲಿ ಸಾವು ಅಥವಾ ತೀವ್ರ ಗಾಯದ ಐದು ಅಪಘಾತ, ಇಲ್ಲವೇ ಹತ್ತು ಸಾವು ಆಗಿರಬೇಕು. ಹಳ್ಳಿ ರಸ್ತೆ ಈ ಲೆಕ್ಕಕ್ಕೆ ಸಿಗುವುದು ಬಹಳ ಅಪರೂಪ. ಬೈಕು ಬಿದ್ದು ಕಾಲು ಮುರಿದರೆ ಶಿರಸಿಯ ಆಸ್ಪತ್ರೆಗೆ ಹೋಗುತ್ತಾರೆ, ಠಾಣೆಗೆ ಹೋಗುವುದಿಲ್ಲ. ಹೀಗಾಗಿ ಪೊಲೀಸರು ಅಪಘಾತ ದಾಖಲಿಸುವ ಐ-ರ‍್ಯಾಡ್ ವ್ಯವಸ್ಥೆಯಲ್ಲಿ ನಿಮ್ಮ ತಿರುವು ಪೂರ್ತಿ ಸುರಕ್ಷಿತ!

ಇದನ್ನು ತುಂಬಿಸುವ ಕೆಲಸ ಊರವರದು. ದಿನಾಂಕ, ಜಾಗ, ವಾಹನ, ಗಾಯದ ವಿವರ, ಆಸ್ಪತ್ರೆ ಚೀಟಿಯ ನಕಲು ಇಟ್ಟುಕೊಂಡ ಒಂದು ವಹಿ ಸಾಕು. ಸಾರಿಗೆ ಸಂಸ್ಥೆಯ ಘಟಕ ವ್ಯವಸ್ಥಾಪಕರಿಂದ ‘ರಸ್ತೆ ಕಿರಿದಾದ ಕಾರಣ ಬಸ್ಸು ಓಡಿಸಲು ತೊಂದರೆ’ ಎಂಬ ಪತ್ರ ಸಿಕ್ಕರೆ ಅದರ ತೂಕ ನೂರು ಸಹಿಗಿಂತ ಹೆಚ್ಚು. ಸಂಚಾರ ಗಣತಿಯನ್ನು ಇಲಾಖೆ ಮಾಡಬೇಕು. ಪದ್ಧತಿಯ ಪ್ರಕಾರ ಏಳು ದಿನ, ಹಗಲೂ ರಾತ್ರಿ. ಮಾರಿಕಾಂಬೆ ಜಾತ್ರೆಯ ವಾರದಲ್ಲಿ ಎಣಿಸಿದ ಲೆಕ್ಕವನ್ನು ಯಾರೂ ನಂಬುವುದಿಲ್ಲ, ಆಷಾಢದ ಮಳೆಯಲ್ಲಿ ಎಣಿಸಿದರೆ ನಿಮಗೇ ನಷ್ಟ. ಅಡಿಕೆ ಸುಗ್ಗಿಯ ಮಾಮೂಲು ವಾರ ಸರಿ.

ಇವೆಲ್ಲವನ್ನೂ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿಗೆ ಕಳುಹಿಸಿ. ಪೊಲೀಸ್, ಸಾರಿಗೆ, ಲೋಕೋಪಯೋಗಿ ಒಂದೇ ಮೇಜಿಗೆ ಬರುವ ಜಾಗ ಅದೊಂದೇ. ಸಮಿತಿಯ ನಡವಳಿಯಲ್ಲಿ ನಿಮ್ಮ ತಿರುವಿನ ಹೆಸರು ಬಂದರೆ ಇಂಜಿನಿಯರ್ ಮುಂದಿನ ಸಭೆಗೆ ಉತ್ತರ ತರಬೇಕಾಗುತ್ತದೆ. 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯ್ದೆಗೆ ಸೇರಿದ 198ಎ ಕಲಂ, ವಿನ್ಯಾಸದ ಮಾನದಂಡ ಪಾಲಿಸದ ಕಾರಣ ಸಾವೋ ಅಂಗವೈಕಲ್ಯವೋ ಆದರೆ ಹೊಣೆಯಾದವರಿಗೆ ಒಂದು ಲಕ್ಷದವರೆಗೆ ದಂಡ ಹಾಕಲು ಅವಕಾಶ ಕೊಟ್ಟಿದೆ ಎಂಬುದನ್ನೂ ಪತ್ರದ ಕೊನೆಗೆ ನೆನಪಿಸಬಹುದು. ಬೆದರಿಕೆಯ ದನಿಯಲ್ಲಿ ಬೇಡ.

ಕಡತ ಹೊರಟ ಮೇಲೆ

ವಾರ್ಡ್ ಸಭೆ, ಗ್ರಾಮಸಭೆಗಳಲ್ಲಿ ಠರಾವಾಗಿ ಪಂಚಾಯ್ತಿಯ ಅಭಿವೃದ್ಧಿ ಯೋಜನೆಗೆ ಸೇರುವುದು ಮೊದಲ ಮೆಟ್ಟಿಲು. ಆಮೇಲೆ ಕಿರಿಯ ಇಂಜಿನಿಯರ್ (ಜೆಇ) ಸ್ಥಳ ನೋಡಿ ಇಲಾಖೆಯ ದರಪಟ್ಟಿಯಂತೆ ಅಂದಾಜು ಮಾಡುತ್ತಾರೆ. ಆಡಳಿತಾತ್ಮಕ ಅನುಮೋದನೆ, ತಾಂತ್ರಿಕ ಮಂಜೂರಾತಿ, ಟೆಂಡರ್, ಕಾರ್ಯಾದೇಶ ಒಂದರ ಹಿಂದೊಂದು. ತಾಲೂಕು, ಜಿಲ್ಲಾ ಪಂಚಾಯ್ತಿಗಳ ಅವಧಿ 2021ರಲ್ಲಿ ಮುಗಿದು ವರ್ಷಗಟ್ಟಲೆ ಚುನಾವಣೆ ನಡೆಯದ್ದರಿಂದ, ನಡುವೆ ಕಡತ ಎಲ್ಲಿದೆ ಎಂದು ಕೇಳಲು ಮೊದಲಿದ್ದ ಸದಸ್ಯರ ದಾರಿ ತಪ್ಪಿತು. ಈಗ ಆ ಕೆಲಸ ಊರಿನ ಒಬ್ಬಿಬ್ಬರ ಮೇಲೇ ಬೀಳುತ್ತಿದೆ.

ಅಂದಾಜು ಪಟ್ಟಿಯ ಪ್ರತಿಯನ್ನು ಟೆಂಡರಿಗೆ ಮೊದಲೇ ಪಡೆದು ಓದಿ. ಹೆಸ್ಕಾಂ ಕಂಬ, ಕುಡಿಯುವ ನೀರಿನ ಪೈಪು ಸರಿಸುವ ಖರ್ಚು ಇದೆಯೇ? ಗಟಾರ, ಮೋರಿಯ ಉದ್ದ ಹೆಚ್ಚಿಸುವುದು, ಅಂಚಿಗೆ ಗಟ್ಟಿ ಮಣ್ಣು ಇವೆಯೇ? ರಸ್ತೆಯನ್ನು 5.5 ಮೀಟರಿಗೆ ಅಗಲಿಸಿ ಮೋರಿಯನ್ನು ಹಳೆಯ ಅಗಲದಲ್ಲೇ ಬಿಡುವುದು ಬಲು ಸಾಮಾನ್ಯ. ರಾತ್ರಿ ವೇಗವಾಗಿ ಬಂದವನು ಆ ಮೋರಿಯ ಕಟ್ಟೆಗೇ ಗುದ್ದುತ್ತಾನೆ.

ಕಾಲದ ಲೆಕ್ಕವೂ ಮುಖ್ಯ. ಘಟ್ಟದ ಮೇಲೂ ಕೆಳಗೂ ಡಾಂಬರಿನ ಕೆಲಸ ಆಗುವುದು ನವೆಂಬರಿನಿಂದ ಮೇವರೆಗೆ. ಹಣಕಾಸು ವರ್ಷ ಮುಗಿಯುವುದು ಮಾರ್ಚ್ 31ಕ್ಕೆ. ಫೆಬ್ರವರಿಯಲ್ಲಿ ಕಾರ್ಯಾದೇಶ ಸಿಕ್ಕ ಕೆಲಸ ಬಿಲ್ಲಿನ ಅವಸರದಲ್ಲಿ ನಡೆದು ಜೂನಿನ ಮೊದಲ ಮಳೆಗೆ ಬಯಲಾಗುತ್ತದೆ. ಆದ್ದರಿಂದ ಸ್ಥಳ ಪರಿಶೀಲನೆಗೆ ಜೆಇ ಅವರನ್ನು ಜುಲೈ ಆಗಸ್ಟಿನಲ್ಲೇ ಕರೆದೊಯ್ಯಿರಿ. ನೀರು ಎಲ್ಲಿ ರಸ್ತೆ ದಾಟುತ್ತದೆ, ಯಾವ ಧರೆ ಜರಿಯುತ್ತಿದೆ ಎಂಬುದು ಆಗ ಕಣ್ಣಿಗೇ ಕಾಣುತ್ತದೆ, ಜನವರಿಯಲ್ಲಿ ಹೋದರೆ ಎಲ್ಲ ರಸ್ತೆಯೂ ಚೆನ್ನಾಗಿರುತ್ತದೆ. ಅಂದಾಜು ಅಕ್ಟೋಬರಿನೊಳಗೆ ಸಿದ್ಧವಿದ್ದರೆ ಆ ವರ್ಷ ಉಳಿದ ಹಣಕ್ಕೂ ಬರುವ ಬಜೆಟ್ಟಿಗೂ ಹೆಸರು ಕೊಡಬಹುದು.

ಕೆಲಸ ಮುಗಿದ ಮೇಲೆ ದೋಷ ಹೊಣೆಗಾರಿಕೆಯ ಅವಧಿ ಎಷ್ಟು ಎಂದು ಕಾರ್ಯಾದೇಶದಲ್ಲಿ ನೋಡಿಟ್ಟುಕೊಳ್ಳಿ. ಗ್ರಾಮ ಸಡಕ್ ರಸ್ತೆಗಳಲ್ಲಿ ಐದು ವರ್ಷ ಗುತ್ತಿಗೆದಾರರೇ ನೋಡಿಕೊಳ್ಳಬೇಕು, ಬೇರೆ ಲೆಕ್ಕಶೀರ್ಷಿಕೆಗಳಲ್ಲಿ ಅವಧಿ ಬೇರೆಬೇರೆ. ಅಷ್ಟರೊಳಗೆ ಅಂಚು ಕುಸಿದರೆ ಹೊಸ ಅನುದಾನಕ್ಕೆ ಅರ್ಜಿ ಬರೆಯಬೇಕಿಲ್ಲ. ಕಾಮಗಾರಿ ಸಂಖ್ಯೆ, ಚೈನೇಜ್, ಫೋಟೊ ಸೇರಿಸಿ ಕಾರ್ಯನಿರ್ವಾಹಕ ಇಂಜಿನಿಯರಿಗೆ ಒಂದು ಪತ್ರ ಬರೆದು, ಕೊಟ್ಟದ್ದಕ್ಕೆ ಸ್ವೀಕೃತಿ ಪಡೆದುಕೊಳ್ಳಿ.